ಕಲಿಯುವವರ ನಾಲಿಗೆ: ಬೈಲಹೊಂಗಲದ ದಾರಿಯಲ್ಲಿ ಕಿಟ್ಟೆಲರನ್ನು ಓದುವುದು

ನಮ್ಮ ಮಿಷನ್ ಚರಿತ್ರೆಯ ಪುಸ್ತಕಗಳಲ್ಲಿ ಒಂದು ವಾಕ್ಯವು ಮತ್ತೆ ಮತ್ತೆ ಬರುತ್ತದೆ. ಹೆಸರು, ಊರು, ಇಸವಿಗಳು ಬದಲಾಗುತ್ತವೆ. ವಾಕ್ಯದ ಅಚ್ಚು ಮಾತ್ರ ಬದಲಾಗುವುದಿಲ್ಲ. ಇಂಥವರು ಇಂಥ ವರ್ಷ ಹಡಗಿನಿಂದ ಇಳಿದು, ಅಲ್ಪಕಾಲದಲ್ಲಿಯೇ ಕನ್ನಡವನ್ನು ಕರಗತ ಮಾಡಿಕೊಂಡು, ಸುವಾರ್ತಾಸೇವೆಯನ್ನು ಆರಂಭಿಸಿದರು ಎಂಬುದು ಅದರ ಸಾರ. ನಾವೂ ಈ ವಾಕ್ಯವನ್ನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಬರೆದಿದ್ದೇವೆ, ಜುಬಿಲಿ ಸಂಚಿಕೆಗಳಲ್ಲಿ ಅಚ್ಚು ಮಾಡಿಸಿದ್ದೇವೆ, ವೇದಿಕೆಗಳಿಂದ ಹೇಳಿದ್ದೇವೆ. ಅದರಲ್ಲಿ ಮೂರು ನಂಬಿಕೆಗಳು ಅಡಗಿವೆ. ಭಾಷೆಯು ಒಂದು ಉಪಕರಣ ಎಂಬುದು ಮೊದಲನೆಯದು. ಅದನ್ನು ಕಲಿಯುವ ಕಾಲವು ಸೇವೆಗೆ ಮುಂಚಿನದು, ಸೇವೆಯ ಲೆಕ್ಕಕ್ಕೆ ಸೇರದ್ದು ಎಂಬುದು ಎರಡನೆಯದು. ಕಲಿತವನು ತನ್ನ ಪ್ರತಿಭೆಯಿಂದಲೇ ಕಲಿತನು, ಕಲಿಸಿದವರು ಯಾರೂ ಇರಲಿಲ್ಲ ಎಂಬುದು ಮೂರನೆಯದು. ಈ ಮೂರೂ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಇದು ಚರಿತ್ರಕಾರರಿಗೆ ಮಾತ್ರ ಸಂಬಂಧಿಸಿದ ತಪ್ಪೂ ಅಲ್ಲ. ಈ ವಾಕ್ಯವನ್ನು ಓದಿ ಬೆಳೆದ ನಾವು ಇಂದಿಗೂ ಅದರಂತೆಯೇ ಸಭೆಗಳಿಗೆ ಹೋಗುತ್ತಿದ್ದೇವೆ.

ಈ ಮಾತನ್ನು ಪರಿಶೀಲಿಸಲು ನಾವು ಆರಿಸಿಕೊಂಡ ಪ್ರದೇಶ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆ. ಆರಿಸಿಕೊಂಡ ಗ್ರಂಥ ಫರ್ಡಿನಾಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು. ಊರಿಗೂ ಪುಸ್ತಕಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನಿಘಂಟಿನ ಪುಟಗಳನ್ನು ತಿರುವಿದವರಿಗೆ ಅನೇಕ ಶಬ್ದಗಳ ಪಕ್ಕದಲ್ಲಿ ಒಂದು ಚಿಕ್ಕ ಸಂಕೇತ ಕಂಡಿರಬೇಕು. ಅದನ್ನು ಬಿಡಿಸಿದರೆ ‘ದಕ್ಷಿಣ ಮರಾಠಾ ಸೀಮೆ’ ಎಂದಾಗುತ್ತದೆ. ಆ ಶಬ್ದ ಅಥವಾ ಆ ಅರ್ಥವು ಆ ಸೀಮೆಯಲ್ಲಿ ಬಳಕೆಯಲ್ಲಿದೆ ಎಂಬ ಸೂಚನೆ ಅದು. ಮೈಸೂರು ಸೀಮೆಯ ಬಳಕೆಗೆ ಬೇರೆ ಸಂಕೇತವಿದೆ. ಧಾರವಾಡ, ಬೆಳಗಾವಿಗಳ ಸುತ್ತಲಿನ ಕನ್ನಡನಾಡನ್ನು ಇಂಗ್ಲಿಷರು ಕರೆಯುತ್ತಿದ್ದುದು ಈ ಹೆಸರಿನಿಂದಲೇ. ಕನ್ನಡಿಗರ ಊರುಗಳಿಗೆ ಆಳಿದವರ ಹೆಸರು ಅಂಟಿಕೊಂಡಿತ್ತು. ಆದರೂ ಆ ಸಂಕೇತದ ಹಿಂದೆ ನಿಂತು ಮಾತಾಡುತ್ತಿರುವವರು ಬೈಲಹೊಂಗಲದ ಸಂತೆಯವರು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟಿಕೊಂಡು ಹೋಗುವವರು, ಮಲಪ್ರಭೆಯ ದಂಡೆಯಲ್ಲಿ ಬಿತ್ತಿ ಬೆಳೆಯುವವರು, ಅಂಥವರೆಲ್ಲರು.

ಮೊದಲು ಕಾಲವನ್ನು ನೆನಪಿಸಿಕೊಳ್ಳೋಣ. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರರು ಬೆಳಗಾವಿಗೆ ಬಂದದ್ದು 1820ರಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಬೆಳಗಾವಿಗೂ ಧಾರವಾಡಕ್ಕೂ ನಡುವೆ ಇರುವುದು ಕಿತ್ತೂರು, ಅದರ ಪಕ್ಕದಲ್ಲಿ ಬೈಲಹೊಂಗಲ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದನು. ಅದೇ ವರ್ಷದ ಕೊನೆಗೆ ಕೋಟೆಯು ಇಂಗ್ಲಿಷರ ವಶವಾಯಿತು. ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡರು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಜರ್ಮನಿಯ ತರುಣರು ಧಾರವಾಡದಲ್ಲಿ ಕನ್ನಡದ ಅಕ್ಷರ ತಿದ್ದಲು ಕುಳಿತಾಗ ರಾಯಣ್ಣ ಸತ್ತು ಆರೇ ವರ್ಷವಾಗಿತ್ತು. ಆ ಸೀಮೆಯ ಜನರ ಕಣ್ಣಿಗೆ ಬಿಳಿಯ ಮುಖವು ಯಾವುದನ್ನು ನೆನಪಿಸುತ್ತಿತ್ತು ಎಂಬುದನ್ನು ಊಹಿಸಲು ಹೆಚ್ಚಿನ ವಿದ್ವತ್ತು ಬೇಡ.

ಯಾವ ಭಾಷೆಯನ್ನು ಕಲಿಯಬೇಕು ಎಂಬುದೂ ಅಲ್ಲಿ ತಾನಾಗಿ ತೀರ್ಮಾನವಾದ ವಿಷಯವಾಗಿರಲಿಲ್ಲ. ಮುಂಬಯಿ ಆಧಿಪತ್ಯದ ಕಚೇರಿಗಳಲ್ಲಿ ಮರಾಠಿಯು ಮೇಲಾಗಿತ್ತು. ರಾಮದುರ್ಗವು ಮರಾಠಿ ಮಾತಿನ ಮನೆತನದ ಸಂಸ್ಥಾನವಾಗಿತ್ತು. ಬೆಳಗಾವಿಯ ದಂಡಿನ ಪ್ರದೇಶದಲ್ಲಿ ಇಂಗ್ಲಿಷು, ಹಿಂದುಸ್ತಾನಿ, ತಮಿಳುಗಳು ಕೇಳಬರುತ್ತಿದ್ದವು. ಅಧಿಕಾರದ ಹತ್ತಿರ ಇರಬಯಸುವವನಿಗೆ ಕನ್ನಡವು ಅಷ್ಟೇನೂ ಬೇಕಾಗಿರಲಿಲ್ಲ. ಹೊಲದಲ್ಲಿ, ಮಗ್ಗದಲ್ಲಿ, ಮಠದ ಅಂಗಳದಲ್ಲಿ ಇರುವವರ ಹತ್ತಿರ ಹೋಗಬಯಸುವವನಿಗೆ ಮಾತ್ರ ಅದು ಬೇಕಾಗಿತ್ತು. ಆ ತರುಣರು ಕನ್ನಡವನ್ನು ಆರಿಸಿಕೊಂಡರು ಎಂಬುದನ್ನು ನಾವು ಗೌರವದಿಂದ ಗುರುತಿಸುತ್ತೇವೆ. ಅವರ ಮೇಲೆ ನಾವು ಮುಂದೆ ಹೇಳುವ ಯಾವ ಟೀಕೆಯೂ ಈ ಗೌರವವನ್ನು ಅಳಿಸುವುದಿಲ್ಲ.

ಆದರೆ ಭಾಷೆಯನ್ನು ಆರಿಸುವುದು ಬೇರೆ, ಕೇಳಲು ಕಲಿಯುವುದು ಬೇರೆ. ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಮಿಷನ್ ಆರಂಭವಾದ ಕೆಲವೇ ವರ್ಷಗಳಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ಕಾಲಜ್ಞಾನದ ಮಾತುಗಳನ್ನು ನಂಬಿದ್ದ ಒಂದು ಸಮುದಾಯದವರು ಮಿಷನರಿಗಳ ಬಳಿಗೆ ಬಂದರು. ಮುಂದೆ ಬರಲಿರುವ ಒಬ್ಬ ಪ್ರಭು, ಬದಲಾಗಲಿರುವ ಲೋಕ, ಇಂಥ ನಿರೀಕ್ಷೆಗಳು ಅವರಲ್ಲಿದ್ದವು. ಮಿಷನರಿಗಳ ಕಿವಿಗೆ ಇದೆಲ್ಲವೂ ಪರಿಚಿತ ಪದಗಳಂತೆ ಕೇಳಿಸಿತು. ಸಾವಿರಾರು ಜನರು ಒಟ್ಟಾಗಿ ಸಭೆಗೆ ಬರುವರೆಂಬ ಆಸೆ ಹುಟ್ಟಿತು. ಗದಗಿನ ಬಳಿಯ ಮಲಸಮುದ್ರದಲ್ಲಿ 1841ರಲ್ಲಿ ಹೊಸ ವಿಶ್ವಾಸಿಗಳಿಗೆಂದು ವಸಾಹತೊಂದು ಸಿದ್ಧವಾಯಿತು. ನಿರೀಕ್ಷಿಸಿದ ಜನಸಮೂಹ ಬರಲಿಲ್ಲ. ಚರಿತ್ರೆಗಳು ಇದನ್ನು ನಿರಾಶೆಯ ಅಧ್ಯಾಯವೆಂದು ಹೇಳಿ ಮುಂದೆ ಹೋಗುತ್ತವೆ. ನಾವು ಇದನ್ನು ಭಾಷೆಯ ಅಧ್ಯಾಯವೆಂದು ಓದುತ್ತೇವೆ. ಪದಗಳು ಗೊತ್ತಿದ್ದವು, ಆ ಪದಗಳಿಗೆ ಆ ಜನರ ಬದುಕಿನಲ್ಲಿದ್ದ ಬೇರುಗಳು ಗೊತ್ತಿರಲಿಲ್ಲ. ಎದುರಿನವನ ಮಾತಿನಲ್ಲಿ ತನ್ನ ಮಾತನ್ನೇ ಕೇಳಿಸಿಕೊಳ್ಳುವುದು ಹೊಸದಾಗಿ ಭಾಷೆ ಕಲಿತವನಿಗೆ ಒದಗುವ ಮೊದಲನೆಯ ಅಪಾಯ. ಮಾತೇ ಬಾರದವನಿಗೆ ಈ ಅಪಾಯವಿಲ್ಲ. ಅವನಿಗೆ ತಾನು ತಿಳಿಯದವನೆಂಬುದಾದರೂ ತಿಳಿದಿರುತ್ತದೆ.

ಈ ಹಿನ್ನೆಲೆಯಲ್ಲಿ ಕಿಟ್ಟೆಲರು ಬರುತ್ತಾರೆ. ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆಯಲ್ಲಿ, ಒಬ್ಬ ಸಭಾಪಾಲಕರ ಮಗನಾಗಿ. ಆ ಕಾಲದಲ್ಲಿ ಆ ಸೀಮೆಯ ಮನೆಮಾತು ಕೆಳಜರ್ಮನ್. ಪೀಠದ ಭಾಷೆ, ಶಾಲೆಯ ಭಾಷೆ ಮೇಲ್ಜರ್ಮನ್. ಅಡುಗೆಮನೆಗೊಂದು ಮಾತು, ಗುಡಿಗೊಂದು ಮಾತು ಎಂಬ ಸ್ಥಿತಿಯು ಅವರಿಗೆ ಹುಟ್ಟೂರಿನಲ್ಲಿಯೇ ಎದುರಾಗಿದ್ದಿರಬೇಕು. 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಕನ್ನಡನಾಡಿಗೆ ಬಂದರು. ನಿಘಂಟು ಹೊರಬಂದಾಗ ಅವರ ವಯಸ್ಸು ಅರವತ್ತೆರಡು. ಅವರ ಕನ್ನಡ ವ್ಯಾಕರಣವು ಅಚ್ಚಾದದ್ದು 1903ರಲ್ಲಿ. ಅದೇ ವರ್ಷ ಅವರು ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಅಲ್ಪಕಾಲದಲ್ಲಿ ಕರಗತ ಮಾಡಿಕೊಂಡವರ ಜೀವನಚರಿತ್ರೆ ಇದಲ್ಲ. ಐವತ್ತು ವರ್ಷ ಕಲಿಯುತ್ತಲೇ ಇದ್ದವರ ಜೀವನಚರಿತ್ರೆ ಇದು.

ಈಗ ನಿಘಂಟನ್ನೇ ನೋಡೋಣ. ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳು, ಸುಮಾರು 70,000 ಶಬ್ದಗಳು. ದೇವಜ್ಞಾನದ ವಿದ್ಯಾರ್ಥಿಗಳು ಇದನ್ನು ಅರ್ಥ ಹುಡುಕುವುದಕ್ಕೆ ಮಾತ್ರ ತೆರೆಯುತ್ತಾರೆ. ಗ್ರಂಥವೆಂದು ಓದುವುದಿಲ್ಲ. ಓದಿದರೆ ಒಂದು ವಿಷಯವು ಎದ್ದುಕಾಣುತ್ತದೆ. ಇಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಶಬ್ದಕ್ಕೂ ಸಾಕ್ಷಿಯಿದೆ. ಶಬ್ದಮಣಿದರ್ಪಣದಲ್ಲಿ ಬಂದದ್ದು, ಬಸವಪುರಾಣದಲ್ಲಿ ಬಂದದ್ದು, ಹಳೆಯ ಕೋಶಗಳಲ್ಲಿ ಬಂದದ್ದು, ಗಾದೆಯಲ್ಲಿ ಬಂದದ್ದು, ಆಡುಮಾತಿನಲ್ಲಿ ಕೇಳಿದ್ದು ಎಂದು ಒಂದೊಂದಕ್ಕೂ ಗುರುತು. ಕೇಶಿರಾಜನ ಸೂತ್ರಕ್ಕೂ ಧಾರವಾಡ ಸೀಮೆಯ ಒಬ್ಬ ಅನಾಮಿಕ ಒಕ್ಕಲಿಗನ ಮಾತಿಗೂ ಒಂದೇ ಪಂಕ್ತಿಯಲ್ಲಿ ಸ್ಥಾನ. ನಿಘಂಟುಕಾರನು ತನ್ನ ಅಧಿಕಾರದಿಂದ ಏನನ್ನೂ ಹೇಳುವುದಿಲ್ಲ. ಕೇಳಿದ್ದನ್ನು, ಓದಿದ್ದನ್ನು, ಯಾರಿಂದ ಎಂಬುದರ ಸಹಿತ ಒಪ್ಪಿಸುತ್ತಾನೆ.

ಯೆಶಾಯನ ಐವತ್ತನೆಯ ಅಧ್ಯಾಯದ ನಾಲ್ಕನೆಯ ವಚನವನ್ನು ನಮ್ಮ ಓದುಗರು ಬಲ್ಲರು. ದಣಿದವರನ್ನು ಮಾತಿನಿಂದ ಸುಧಾರಿಸುವ ನಾಲಿಗೆಯನ್ನು ಸೇವಕನು ದೇವರಿಂದ ಪಡೆದ ಸಂಗತಿ ಅಲ್ಲಿದೆ. ಮೂಲದಲ್ಲಿ ಆ ನಾಲಿಗೆಯು ‘ಲಿಮ್ಮೂದೀಮ್’, ಎಂದರೆ ಕಲಿಸಲ್ಪಟ್ಟವರ, ಶಿಷ್ಯರ ನಾಲಿಗೆ. ಅದೇ ವಚನದ ಕೊನೆಯಲ್ಲಿ ಅದೇ ಶಬ್ದವು ಮತ್ತೆ ಬರುತ್ತದೆ, ಈ ಸಲ ಕಿವಿಯ ವಿಷಯದಲ್ಲಿ: ದೇವರು ಬೆಳಗು ಬೆಳಗಿಗೆ ಅವನ ಕಿವಿಯನ್ನು ಎಚ್ಚರಿಸುವುದು ಅವನು ಶಿಷ್ಯರಂತೆ ಕೇಳಬೇಕೆಂದು. ನಾಲಿಗೆಗೂ ಕಿವಿಗೂ ಒಂದೇ ವಿಶೇಷಣ. ವಿದ್ವಾಂಸರ ನಾಲಿಗೆ ಎಂದು ಇದನ್ನು ಓದುವವರಿದ್ದಾರೆ. ಹಾಗೆ ಓದಿದರೆ ನಾಲಿಗೆಯು ಕಿವಿಯಿಂದ ಬೇರೆಯಾಗಿ, ವಚನದ ಅರ್ಥವೇ ಒಡೆದುಹೋಗುತ್ತದೆ. ಸೇವಕನು ಮೊದಲು ಒಂದು ಅವಧಿಯಲ್ಲಿ ಕಲಿತು ಮುಗಿಸಿ ಆಮೇಲೆ ಮಾತಾಡುವುದಿಲ್ಲ. ಬೆಳಗು ಬೆಳಗಿಗೆ ಎಂಬ ಮಾತು ಅಲ್ಲಿದೆ. ಅವನು ಮಾತಾಡುವುದು ಇನ್ನೂ ಕಲಿಯುತ್ತಿರುವವನಾಗಿ. ಕಿಟ್ಟೆಲರ ನಿಘಂಟನ್ನು ಈ ವಚನದ ಬಳಿಯಲ್ಲಿಟ್ಟು ಓದಬೇಕೆಂಬುದು ನಮ್ಮ ಸೂಚನೆ. ಅದು ಶಿಷ್ಯನೊಬ್ಬನ ಕಿವಿಯ ದಾಖಲೆ.

ಆದರೆ ಅದೇ ಮಾನದಂಡದಿಂದ ಅವರ ಇತರ ಬರಹಗಳನ್ನೂ ಅಳೆಯಬೇಕು. 1862ರಲ್ಲಿ ಅವರು ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಕ್ರಿಸ್ತಚರಿತ್ರೆಯನ್ನು ಕನ್ನಡದ ಕಾವ್ಯಬಂಧದಲ್ಲಿ ಹೇಳುವ ಪ್ರಯತ್ನ ಅದು. ಕೇಳುವವರ ಲಯದೊಳಗೆ ತನ್ನ ಕಥೆಯನ್ನು ತರುವ ಸಾಹಸವನ್ನು, ಬಂದು ಒಂಬತ್ತೇ ವರ್ಷಗಳಾದ ಮೂವತ್ತರ ತರುಣನು ಮಾಡಿದನು. ನಮ್ಮ ಆರಾಧನೆಯು ಜರ್ಮನ್, ಇಂಗ್ಲಿಷ್ ರಾಗಗಳಿಗೆ ಹೊಂದಿಸಿದ ಕೀರ್ತನೆಗಳನ್ನು ಉಳಿಸಿಕೊಂಡಿತು; ‘ಕಥಾಮಾಲೆ’ ಗ್ರಂಥಾಲಯಕ್ಕೆ ಸೇರಿತು. ಇದಕ್ಕೆ ಅವರನ್ನು ದೂರುವಂತಿಲ್ಲ. ದೂರಬೇಕಾದದ್ದು ಬೇರೊಂದಿದೆ. ಭಾರತದ ಲಿಂಗಪೂಜೆಯ ಮೂಲವನ್ನು ಕುರಿತು 1876ರಲ್ಲಿ ಅವರು ಬರೆದ ಪ್ರಬಂಧವು ಜರ್ಮನ್ ಭಾಷೆಯಲ್ಲಿದೆ. ಮೈಮೇಲೆ ಇಷ್ಟಲಿಂಗವನ್ನು ಧರಿಸಿದವರ ನಾಡಿನಲ್ಲಿ ವರ್ಷಗಟ್ಟಲೆ ಓಡಾಡಿ, ಅವರ ಪುರಾಣಗಳಿಂದ ಶಬ್ದಗಳನ್ನು ಆರಿಸಿಕೊಂಡು, ಅವರ ವಿಷಯವಾಗಿ ಅವರು ಓದಲಾರದ ಭಾಷೆಯಲ್ಲಿ ವಾದ ಹೂಡುವುದು ಎಂದರೇನು? ವಿದ್ವತ್ತಿನ ಪದ್ಧತಿ ಅಂದು ಹಾಗಿತ್ತು ಎಂದು ಸಮಾಧಾನ ಹೇಳಬಹುದು. ಆದರೂ ಶಬ್ದದ ಅರ್ಥವನ್ನು ಊರಿನವರಿಂದ ಕೇಳಿದವನು ನಂಬಿಕೆಯ ಅರ್ಥವನ್ನು ಊರಿನವರ ಮುಂದೆ ಚರ್ಚೆಗೆ ಇಡಲಿಲ್ಲ. ಅಲ್ಲಿ ಶಿಷ್ಯನು ಎದ್ದುಹೋಗಿ ಪಂಡಿತನು ಕುಳಿತುಕೊಂಡನು. ಒಬ್ಬ ವ್ಯಕ್ತಿಯೊಳಗೆ ಇಬ್ಬರೂ ಇರಬಹುದೆಂಬುದಕ್ಕೆ ಕಿಟ್ಟೆಲರೇ ಉದಾಹರಣೆ. ನಮ್ಮಲ್ಲಿಯೂ ಇಬ್ಬರೂ ಇದ್ದಾರೆ.

ಎರಡನೆಯ ಕೊರತೆ ಹೆಸರುಗಳದು. ಅಂದಿನ ಪ್ರತಿಯೊಬ್ಬ ಮಿಷನರಿಗೂ ಒಬ್ಬ ಮುನ್ಷಿ ಇದ್ದನು. ತಿದ್ದಿದವರು, ನಕ್ಕವರು, ಮತ್ತೊಮ್ಮೆ ಹೇಳಿಸಿದವರು, ಗಾದೆಗಳನ್ನು ಒದಗಿಸಿದವರು ಇದ್ದರು. ಅವರಲ್ಲಿ ಬಹುಮಂದಿ ಕ್ರೈಸ್ತರಾಗಿರಲಿಲ್ಲ. ಸುವಾರ್ತೆಯು ಕನ್ನಡಕ್ಕೆ ಬಂದದ್ದು ಅದನ್ನು ಒಪ್ಪದವರ ತಾಳ್ಮೆಯ ಮೂಲಕ ಎಂಬ ಈ ಸಂಗತಿಯನ್ನು ನಮ್ಮ ಮಿಷನ್ ದೇವಜ್ಞಾನವು ಇನ್ನೂ ಸರಿಯಾಗಿ ಎದುರಿಸಿಲ್ಲ. ನಾವು ಸಾಲ ಕೊಡುವವರೆಂದೇ ನಮ್ಮನ್ನು ಭಾವಿಸಿಕೊಂಡಿದ್ದೇವೆ. ಮೊದಲ ಪುಟದಿಂದಲೇ ನಾವು ಸಾಲಗಾರರು. ಕೃಪೆ, ಪ್ರಸಾದ, ದೀಕ್ಷೆ ಮುಂತಾದ ಶಬ್ದಗಳು ನಮ್ಮ ಬಳಿಗೆ ಬರುವ ಮುಂಚೆ ಬೇರೆ ಮನೆಗಳಲ್ಲಿ ಬೆಳೆದವು. ‘ದೀಕ್ಷಾಸ್ನಾನ’ ಎಂದು ನಾವು ಹೇಳುವಾಗ ಬೈಲಹೊಂಗಲದ ಕೇಳುಗನ ಮನಸ್ಸಿನಲ್ಲಿ ಮಠದ ಲಿಂಗದೀಕ್ಷೆಯ ನೆನಪು ಏಳುತ್ತದೆ. ‘ಕರ್ತನು’ ಎಂದಾಗ ಮಠದ ಕರ್ತೃ ಗದ್ದುಗೆಯ ನೆನಪು ಏಳಬಹುದು. ಅದು ಶಬ್ದದ ದೋಷವಲ್ಲ, ಶಬ್ದಕ್ಕಿರುವ ಆಯುಷ್ಯ. ಅದನ್ನು ತಿಳಿಯದೆ ಬಳಸುವವನು ಬಾಡಿಗೆಯ ಮನೆಯನ್ನು ತಾನೇ ಕಟ್ಟಿಸಿದೆನೆಂದು ಹೇಳುವವನಂತೆ.

ಕಿಟ್ಟೆಲರ ಬಗೆಗೆ 2006ರಲ್ಲಿ ರೈನ್‌ಹಾರ್ಡ್ ವೆಂಟ್ ಅವರ ಸಂಪಾದಕತ್ವದಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಬಂಧಸಂಕಲನ ಬಂದಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ಯೆಹೂದ್ಯರಿಗೆ ಯೆಹೂದ್ಯನಂತಾದ ಮಾತನ್ನು ನೆನಪಿಸುವಂತೆ ‘ಭಾರತೀಯರಿಗೆ ಭಾರತೀಯನು?’ ಎಂಬ ಅರ್ಥದ ಶೀರ್ಷಿಕೆ ಅದಕ್ಕಿದೆ. ಪ್ರಶ್ನಾರ್ಥಕ ಚಿಹ್ನೆ ಶೀರ್ಷಿಕೆಯಲ್ಲಿಯೇ ಇದೆ. ಉಪಶೀರ್ಷಿಕೆಯು ಅವರ ಆರಂಭದ ವೈಫಲ್ಯವನ್ನೂ ಮರಣೋತ್ತರ ಸಾಫಲ್ಯವನ್ನೂ ಹೆಸರಿಸುತ್ತದೆ. ಆ ಪ್ರಶ್ನಾರ್ಥಕವನ್ನು ನಾವು ಒಪ್ಪುತ್ತೇವೆ. ಮೇಲೆ ಹೇಳಿದ ಕಾರಣಗಳಿಗಾಗಿ ಅದು ಅಲ್ಲಿರಲೇಬೇಕು. ವೈಫಲ್ಯ, ಸಾಫಲ್ಯ ಎಂಬ ಶಬ್ದಗಳ ಬಳಿ ಮಾತ್ರ ನಾವು ನಿಲ್ಲುತ್ತೇವೆ. ಮಿಷನರಿಯಾಗಿ ವೈಫಲ್ಯ, ವಿದ್ವಾಂಸನಾಗಿ ಸಾಫಲ್ಯ ಎಂದು ಲೆಕ್ಕವನ್ನು ಎರಡು ಕಟ್ಟು ಮಾಡಿದರೆ, ಕಲಿಯುವುದು ಒಂದು ಕೆಲಸ, ಸೇವೆಯು ಇನ್ನೊಂದು ಕೆಲಸ ಎಂಬ ಹಳೆಯ ವಾಕ್ಯಕ್ಕೇ ನಾವು ಹಿಂತಿರುಗುತ್ತೇವೆ. ಕನ್ನಡಿಗರು ಕಿಟ್ಟೆಲರನ್ನು ನೆನೆಯುವುದು ನಿಘಂಟಿಗಾಗಿ. ಅವರ ಪ್ರತಿಮೆಯನ್ನು ನಿಲ್ಲಿಸಿದವರಲ್ಲಿ, ಅವರ ಹೆಸರನ್ನು ಬಡಾವಣೆಗೆ ಇಟ್ಟವರಲ್ಲಿ ಬಹುಪಾಲು ಜನರು ಅವರ ಬೋಧನೆಯನ್ನು ಒಪ್ಪಿದವರಲ್ಲ. ಹಾಗಿದ್ದರೂ ಒಬ್ಬ ಪರದೇಶಿಯು ತಮ್ಮ ಮಾತಿನ ಮುಂದೆ ನಾಲ್ಕು ದಶಕ ತಲೆಬಾಗಿ ಕುಳಿತಿದ್ದನೆಂಬುದನ್ನು ಅವರು ಗುರುತಿಸಿದರು. ಅದು ಸುವಾರ್ತೆಗೆ ಹೊರಗಿನ ಸಾಫಲ್ಯವೇ? ಹಾಗೆ ತೀರ್ಪು ಹೇಳುವುದಕ್ಕೆ ಮುಂಚೆ ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ವಿಷಯವನ್ನೂ ಹೇಳುವುದು ನ್ಯಾಯ. ನಾವು ಕರಾವಳಿಯವರು. ದೇವಜ್ಞಾನ ಶಾಲೆಯಿಂದ ಹೊರಬಂದ ಹೊಸತರಲ್ಲಿ ಬೈಲಹೊಂಗಲದ ಕಡೆಯ ಒಂದು ಹಳ್ಳಿಗೆ ಸೇವೆಗೆ ಹೋಗಿದ್ದೆವು. ಸಮುದ್ರ ದಾಟಿರಲಿಲ್ಲ, ಘಟ್ಟ ಹತ್ತಿದ್ದೆವು ಅಷ್ಟೇ. ಕನ್ನಡನಾಡಿನಿಂದ ಕನ್ನಡನಾಡಿಗೆ ಹೋಗುವವನಿಗೆ ಭಾಷೆ ಕಲಿಯುವ ಅಗತ್ಯವಿದೆಯೆಂದು ನಮಗೆ ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಎರಡನೆಯ ಭಾನುವಾರ ಲೂಕನ ಹದಿನೈದನೆಯ ಅಧ್ಯಾಯದ ಮೇಲೆ, ಮಾನಸಾಂತರವೆಂಬ ವಿಷಯವಾಗಿ, ಮೂರು ಭಾಗಗಳುಳ್ಳ ಪ್ರಸಂಗ ಮಾಡಿದೆವು. ಆರಾಧನೆಯ ಬಳಿಕ ಒಬ್ಬ ಮುದುಕಿ ಬಾಗಿಲಲ್ಲಿ ನಮ್ಮ ಕೈ ಹಿಡಿದು ಹೇಳಿದರು: “ಚೊಲೋ ಹೇಳಿದ್ರಿ ಯಪ್ಪಾ. ಆದ್ರ ಯಾರಿಗಿ ಹೇಳಿದ್ರಿ?”

ಆ ಮಾತಿನಲ್ಲಿ ಕುಹಕವಿರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು. ಅವರಿಗೆ ನಮ್ಮ ಕನ್ನಡ ತಿಳಿಯಲಿಲ್ಲವೆಂದು ನಾವು ಮೊದಲು ಭಾವಿಸಿದೆವು. ಅದು ನಮ್ಮ ಎರಡನೆಯ ತಪ್ಪು. ಶ್ರಾವಣಮಾಸದಲ್ಲಿ ಊರಿನ ಮಠದ ಪುರಾಣವನ್ನು ಕೇಳಿ ಬೆಳೆದವರು ಅವರು. ನಮಗಿಂತ ಗಟ್ಟಿಯಾದ ಕನ್ನಡವನ್ನು ಕಿವಿಯಲ್ಲಿ ತುಂಬಿಕೊಂಡವರು. ತಿಳಿದೇ ಅವರು ಕೇಳಿದ್ದು. ಆ ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕುಳಿತು, ಕಿರಿಯ ಮಗನ ಕಥೆಯನ್ನು ನೀವು ಹೇಗೆ ಹೇಳುತ್ತೀರಿ ಎಂದು ವಿಚಾರಿಸಿದೆವು. ಅವರು ಹೇಳಿದ ಕಥೆಯಲ್ಲಿ ಮಾನಸಾಂತರವೆಂಬ ಶಬ್ದವೇ ಇರಲಿಲ್ಲ. ಹುಡುಗನು ಉಪವಾಸ ಬಿದ್ದನು, ಅಪ್ಪನ ಮನೆ ನೆನಪಾಯಿತು, “ಹೊಳ್ಳಿ ಬಂದಾ” ಎಂದರು. ಅಷ್ಟೇ.

‘ಮಾನಸಾಂತರ’ವು ಗ್ರೀಕಿನ ‘ಮೆಟನೋಯ’ ಶಬ್ದದ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಪದ: ಮನಸ್ಸು ಬೇರೆಯಾಗುವುದು. ತಪ್ಪೇನೂ ಇಲ್ಲ. ಆದರೆ ಗ್ರೀಕಿನ ಹಿಂದೆ ಪ್ರವಾದಿಗಳ ಹೀಬ್ರೂ ಇದೆ. ಅಲ್ಲಿ ಈ ಅರ್ಥಕ್ಕೆ ಬರುವ ಮುಖ್ಯ ಕ್ರಿಯಾಪದ ‘ಶೂವ್’. ದಾರಿಯಲ್ಲಿ ನಡೆಯುವವನು ಹಿಂದಕ್ಕೆ ತಿರುಗುವುದು, ತಿರುಗಿ ಮನೆಗೆ ಬರುವುದು ಎಂದು ಅದರ ಅರ್ಥ. ಧಾರವಾಡ-ಬೆಳಗಾವಿ ಸೀಮೆಯ ‘ಹೊಳ್ಳಿ ಬರುವುದು’ ಅದಕ್ಕೆ ಸರಿಸಾಟಿ. ಇನ್ನೂ ಒಂದು ಮಾತು. ಲೂಕನ ಅದೇ ಅಧ್ಯಾಯದಲ್ಲಿ ಕಳೆದುಹೋದ ಕುರಿಯ ಸಾಮ್ಯ, ಕಳೆದುಹೋದ ನಾಣ್ಯದ ಸಾಮ್ಯ, ಇವೆರಡರ ಕೊನೆಯಲ್ಲಿ ‘ಮೆಟನೋಯ’ದ ಮಾತು ಬರುತ್ತದೆ, ಕಿರಿಯ ಮಗನ ಕಥೆಯಲ್ಲಿ ಬರುವುದೇ ಇಲ್ಲ. ಅಲ್ಲಿ ಮಗನು ಎದ್ದು ತಂದೆಯ ಬಳಿಗೆ ಬಂದನು ಎಂದಷ್ಟೇ ಇದೆ. ಗ್ರೀಕ್ ಓದಿದ ನಾವು ಪಠ್ಯದಲ್ಲಿಲ್ಲದ ಶಬ್ದವನ್ನು ಆ ಕಥೆಯೊಳಗೆ ತುಂಬಿದ್ದೆವು. ಗ್ರೀಕ್ ಓದದ ಆ ತಾಯಿಯು ಪಠ್ಯದಲ್ಲಿದ್ದುದನ್ನೇ ಹೇಳಿದ್ದರು.

ಇದನ್ನು ಕೇಳಿ, ಇನ್ನು ಮುಂದೆ ಪೀಠದಲ್ಲಿ ಐತಿ, ಬರ್ರಿ, ಹೋಗ್ರಿ ಎಂದು ಮಾತಾಡಿದರೆ ಸಾಕು ಎಂದು ಯಾರಾದರೂ ನಿರ್ಧರಿಸಿದರೆ ಅದು ಮೂರನೆಯ ತಪ್ಪಾಗುತ್ತದೆ. ಹೊರಗಿನಿಂದ ಬಂದವನು ಊರಿನ ಮಾತನ್ನು ವೇಷದಂತೆ ಹಾಕಿಕೊಂಡರೆ ಊರಿನವರಿಗೆ ಅದು ಕೂಡಲೇ ತಿಳಿಯುತ್ತದೆ, ಮರ್ಯಾದೆಯಿಂದ ಸುಮ್ಮನಿರುತ್ತಾರೆ. ಗ್ರಂಥಭಾಷೆಗೆ ಅದರದೇ ಘನತೆಯಿದೆ. ಸತ್ಯವೇದವನ್ನು ಆ ಭಾಷೆಯಲ್ಲಿ ಕೇಳುವ ಹಕ್ಕು ಬೈಲಹೊಂಗಲದವರಿಗೂ ಇದೆ. ಮಹಾಯಾಜಕನ ಅಂಗಳದಲ್ಲಿ ಪೇತ್ರನ ಮಾತೇ ಅವನನ್ನು ಗಲಿಲಾಯದವನೆಂದು ತೋರಿಸಿಕೊಟ್ಟಿತು. ಕೆಲವು ವಾರಗಳ ಬಳಿಕ, ಪಂಚಾಶತ್ತಮ ದಿನದಲ್ಲಿ, ಮಾತಾಡುತ್ತಿರುವವರು ಗಲಿಲಾಯದವರಲ್ಲವೇ ಎಂದು ಜನಸಮೂಹವು ಬೆರಗಾಯಿತು. ಆತ್ಮನು ಗಲಿಲಾಯದ ಉಚ್ಚಾರವನ್ನು ಅಳಿಸಿ ಯೆರೂಸಲೇಮಿನ ಉಚ್ಚಾರವನ್ನು ಕೊಟ್ಟನೆಂದು ಅಲ್ಲಿ ಬರೆದಿಲ್ಲ. ಕೇಳುವ ಪ್ರತಿಯೊಬ್ಬನೂ ತಾನು ಹುಟ್ಟಿದ ಭಾಷೆಯಲ್ಲಿ ಕೇಳಿದನು ಎಂದಿದೆ. ಅಲ್ಲಿ ಕೇಳುವವನಿಗೆ ಮೊದಲ ಸ್ಥಾನ. ಕರಾವಳಿಯ ಉಚ್ಚಾರವು ನಮ್ಮ ನಾಲಿಗೆಯಲ್ಲಿ ಉಳಿಯಲಿ. ಕಿವಿಯು ಮಾತ್ರ ಅಲ್ಲಿಯದಾಗಬೇಕು.

ನಮ್ಮ ಶಾಲೆಗಳ ವಿಚಾರಕ್ಕೆ ಬಂದು ಮುಗಿಸುತ್ತೇವೆ. ಮಂಗಳೂರಿನ ಬಲ್ಮಠದಲ್ಲಿ ಹರ್ಮನ್ ಮೊಗ್ಲಿಂಗರು ದೇವಜ್ಞಾನ ಶಾಲೆಯನ್ನು ಆರಂಭಿಸಿದ್ದು 1847ರಲ್ಲಿ. ಅದೇ ಮೊಗ್ಲಿಂಗರು ಕನ್ನಡದ ಕಾವ್ಯ-ಪುರಾಣಗಳನ್ನು ಅಚ್ಚಿಗೆ ತಂದರು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಬಸವಪುರಾಣವನ್ನೂ ದಾಸರ ಪದಗಳನ್ನೂ ಓದುವುದು ದೇವಜ್ಞಾನಕ್ಕೆ ಹೊರಗಿನದೆಂದು ಆ ತಲೆಮಾರು ಭಾವಿಸಲಿಲ್ಲ. ಇಂದು ನಮ್ಮ ಪಠ್ಯಕ್ರಮದಲ್ಲಿ ಹೀಬ್ರೂವಿಗೆ ಸ್ಥಳವಿದೆ, ಗ್ರೀಕಿಗೆ ಸ್ಥಳವಿದೆ, ಇರಲೇಬೇಕು. ವಿದ್ಯಾರ್ಥಿಯು ಯಾರ ನಡುವೆ ಸೇವೆ ಮಾಡುವನೋ ಅವರ ಮಾತನ್ನು ಕಲಿಯುವುದಕ್ಕೆ ಮಾತ್ರ ಗಂಟೆಯಿಲ್ಲ. ಬೆಳಗಾವಿ ಜಿಲ್ಲೆಯ ಒಂದೇ ಸಭೆಯಲ್ಲಿ ಮನೆಗೊಂದು ಕನ್ನಡ, ಕೆಲವು ಮನೆಗಳಲ್ಲಿ ಮರಾಠಿ, ತಾಂಡಾದಿಂದ ಬಂದವರಲ್ಲಿ ಲಂಬಾಣಿ ಇರಬಹುದು. ಅಲ್ಲಿಗೆ ಹೋಗುವ ಇಪ್ಪತ್ತೈದರ ತರುಣನು, ಕನ್ನಡ ಬಲ್ಲೆನೆಂಬ ಧೈರ್ಯದ ದೆಸೆಯಿಂದಲೇ, 1853ರ ಕಿಟ್ಟೆಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ.

ನಮ್ಮ ಸೂಚನೆ ಚಿಕ್ಕದು. ಹೊಸ ಸಭೆಗೆ ಹೋದ ವಿದ್ಯಾರ್ಥಿಗೆ ಮೊದಲ ಮೂರು ತಿಂಗಳು ಪ್ರಸಂಗದ ಹೊಣೆಯನ್ನು ಕೊಡಬಾರದು. ಅವನು ಪ್ರಾರ್ಥನೆಯನ್ನು ನಡೆಸಲಿ, ವಾಕ್ಯವನ್ನು ಓದಲಿ, ರೋಗಿಗಳನ್ನು ನೋಡಲಿ, ಬೋಧಿಸುವುದು ಬೇಡ. ಒಂದು ಪುಸ್ತಕವನ್ನು ಜೊತೆಯಲ್ಲಿಟ್ಟುಕೊಂಡು, ಕೇಳಿದ ಶಬ್ದವನ್ನೂ ಅದು ಬಂದ ಸಂದರ್ಭವನ್ನೂ ಬರೆಯಲಿ. ಕಿಟ್ಟೆಲರ ನಿಘಂಟಿನಲ್ಲಿ ಬಿಟ್ಟುಹೋದ ಒಂದು ಅಂಕಣವನ್ನು ಅವನು ಸೇರಿಸಲಿ: ಕಲಿಸಿದವರ ಹೆಸರು. ಮೂರು ತಿಂಗಳ ಬಳಿಕ ಆ ಪುಸ್ತಕವನ್ನು ಅಧ್ಯಾಪಕರ ಮುಂದೆ ಇಡುವ ಮೊದಲು ಸಭೆಯ ಹಿರಿಯರ ಮುಂದೆ ಓದಲಿ, ಅವರು ತಿದ್ದಲಿ.

ಸಭೆಗಳು ಇದನ್ನು ಒಪ್ಪುವವೇ ಎಂದು ಕೇಳುವವರಿದ್ದಾರೆ. ಸಂಬಳ ಪಡೆದು ಬೋಧಿಸದ ಬೋಧಕನು ಏತಕ್ಕೆ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಅನುಭವದಲ್ಲಿ ಹೇಳುವುದಾದರೆ, ಕಟ್ಟೆಯ ಮೇಲೆ ಕುಳಿತ ಆ ಸಂಜೆಯ ಬಳಿಕ ನಾವು ಕೆಲವು ವಾರ ಪ್ರಸಂಗವನ್ನು ತೀರ ಮೊಟಕು ಮಾಡಿ, ಮನೆ ಮನೆಗೆ ಹೋಗಿ ಕುಳಿತೆವು. ಯಾರೂ ದೂರಲಿಲ್ಲ. ಆ ವರ್ಷದ ಸುಗ್ಗಿಯ ಹೊತ್ತಿಗೆ ಮತ್ತೊಮ್ಮೆ ಅದೇ ಅಧ್ಯಾಯವನ್ನು ತೆಗೆದುಕೊಂಡು ಬೋಧಿಸಿದೆವು. ಆ ಅಜ್ಜಿ ಬಾಗಿಲಲ್ಲಿ ನಿಂತು ಈ ಸಲ ಪ್ರಶ್ನೆ ಕೇಳಲಿಲ್ಲ, ಹೊಗಳಲೂ ಇಲ್ಲ. ಊರು ಬಿಟ್ಟು ಹೋಗಿದ್ದ ತಮ್ಮ ಮಗನ ಹೆಸರನ್ನು ಹೇಳಿ, ಅವನಿಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡರು.